ಚಿಕ್ಕಿ ಭಟ್ಟಿಗೆ ಕಟ್ಟಿಗೆ ಯಾಕೆ? ಸಿಪ್ಪೆಯೇ ಸಾಕು

ಕೂಡ್ಲಿಗಿ ತಾಲೂಕಿನ ಕೆಂಪು ಮಣ್ಣಿನಲ್ಲಿ ಮಳೆ ನಂಬಿ ಶೇಂಗಾ ಬೆಳೆಯುವವನು ನಾನು. ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ಸೇರಿ ಚಿಕ್ಕಿ ಮಾಡುತ್ತೇವೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಚಹಾದಂಗಡಿಗಳಿಗೆ ಕೊಡುತ್ತೇವೆ. ಜಾತ್ರೆ ಬಂದರೆ ಅಲ್ಲಿಗೂ ಒಯ್ಯುತ್ತೇವೆ.

ಮಿಠಾಯಿ ಮಾಡಿದರೆ ಪರಿಸರ ಹೇಗೆ ಹಾಳಾದೀತು, ಅದೇನು ಸಿಮೆಂಟ್ ಫ್ಯಾಕ್ಟರಿಯೇ ಅಂತ ಕೇಳುವವರಿದ್ದಾರೆ. ದೊಡ್ಡ ಕಂಪನಿಗಳ ಚಾಕಲೇಟಿನ ಕಥೆ ಬೇರೆ. ಅವರ ಕೋಕೋಗಾಗಿ ಆಫ್ರಿಕಾದ ಐವರಿ ಕೋಸ್ಟ್, ಘಾನಾಗಳಲ್ಲಿ ಕಾಡು ಕಡಿದಿದ್ದಾರೆ. ಇಂಡೊನೇಷ್ಯಾದಲ್ಲಿ ತಾಳೆ ಎಣ್ಣೆಗಾಗಿ ಕಡಿದಿದ್ದಾರೆ. ನಮ್ಮ ಚಿಕ್ಕಿಗೆ ಕೋಕೋ ಬೇಡ, ತಾಳೆ ಎಣ್ಣೆ ಬೇಡ, ಹಾಲೂ ಬೇಡ. ಶೇಂಗಾ, ಬೆಲ್ಲ, ಬೆಂಕಿ. ಹಾಗಾಗಿ ನಮ್ಮ ಲೆಕ್ಕವೆಲ್ಲ ಬೆಂಕಿಯಿಂದಲೇ ಶುರುವಾಗಬೇಕು.

ನಮ್ಮ ಕಡೆ ಭಟ್ಟಿಗೆ ಸುಲಭಕ್ಕೆ ಸಿಗುವುದು ಬಳ್ಳಾರಿ ಜಾಲಿ. ಅದನ್ನು ಎಷ್ಟು ಕಡಿದರೂ ಚಿಗುರುತ್ತದೆ, ಕಡಿಯಲಿ ಬಿಡಿ. ಆದರೆ ಕಟ್ಟಿಗೆ ತರುವವನು ಜಾಲಿಯೊಂದನ್ನೇ ನೋಡಿ ಕಡಿಯುವುದಿಲ್ಲ. ಗುಡೇಕೋಟೆಯ ಕರಡಿಧಾಮ ಇರುವುದೂ ನಮ್ಮ ತಾಲೂಕಿನಲ್ಲೇ. ಅಂಥ ಕುರುಚಲು ಗುಡ್ಡಗಳಲ್ಲಿ ಒಂದು ಗಿಡ ಆಳೆತ್ತರ ಬೆಳೆಯಲು ಎಷ್ಟು ವರ್ಷ ಬೇಕೆಂದು ಕುರಿ ಕಾಯುವವರನ್ನು ಕೇಳಿ ನೋಡಿ.

ಸಿಪ್ಪೆಯ ಲೆಕ್ಕ

100 ಕೆಜಿ ಶೇಂಗಾ ಕಾಯಿ ಒಡೆದರೆ ಸುಮಾರು 70 ಕೆಜಿ ಬೀಜ, 30 ಕೆಜಿ ಸಿಪ್ಪೆ. (ದನಕ್ಕೆ ಹಾಕುವ ಶೇಂಗಾ ಹೊಟ್ಟಿನ ಮಾತಲ್ಲ ಇದು, ಕಾಯಿಯ ಮೇಲಿನ ಗಟ್ಟಿ ಸಿಪ್ಪೆ.) ಒಂದು ಕೆಜಿ ಒಣ ಸಿಪ್ಪೆ ಸುಟ್ಟರೆ ಹೆಚ್ಚುಕಡಿಮೆ 4,000 ಕಿಲೊಕ್ಯಾಲರಿ ಶಾಖ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸುವ ಶಾಖವೇ ಒಂದು ಕಿಲೊಕ್ಯಾಲರಿ. ಅಂದರೆ 30 ಕೆಜಿ ಸಿಪ್ಪೆಯಲ್ಲಿ 1,20,000 ಕಿಲೊಕ್ಯಾಲರಿ ಇದೆ. ಅಷ್ಟೇ ಶಾಖಕ್ಕೆ ಸುಮಾರು 11 ಕೆಜಿ ಗ್ಯಾಸ್ ಬೇಕು. ಅಂಗಡಿಯವರು ಬಳಸುವ 19 ಕೆಜಿ ಸಿಲಿಂಡರಿನ ಅರ್ಧಕ್ಕಿಂತ ಜಾಸ್ತಿ.

ಇನ್ನು ಖರ್ಚು. 70 ಕೆಜಿ ಬೀಜ ಹುರಿಯುವುದು, ಅದಕ್ಕೆ ತಕ್ಕ 60 ಕೆಜಿ ಬೆಲ್ಲ ಕರಗಿಸಿ ಆಣ ತೆಗೆಯುವುದು ಎರಡೂ ಸೇರಿ ಪದಾರ್ಥದೊಳಗೆ ಹೋಗಬೇಕಾದ ಶಾಖ ನನ್ನ ಲೆಕ್ಕಕ್ಕೆ 17,000 ಕಿಲೊಕ್ಯಾಲರಿ ಆಸುಪಾಸು. ಮೂರು ಕಲ್ಲಿನ ತೆರೆದ ಒಲೆಯಲ್ಲಿ ಸುಟ್ಟದ್ದರ ಹತ್ತನೇ ಒಂದು ಪಾಲು ಮಾತ್ರ ಕಡಾಯಿಗೆ ಮುಟ್ಟುತ್ತದೆ. ಉಳಿದದ್ದು ಗಾಳಿಗೆ. ಆಗ 42 ಕೆಜಿ ಸಿಪ್ಪೆ ಬೇಕು. ಇರುವುದು 30. ಕೊರತೆಗೆ ಕಟ್ಟಿಗೆ ತರಲೇಬೇಕು. ಅದೇ ಒಲೆ ಸ್ವಲ್ಪ ಸುಧಾರಿಸಿ ಐದನೇ ಒಂದು ಪಾಲು ಮುಟ್ಟುವಂತೆ ಮಾಡಿದರೆ 21 ಕೆಜಿ ಸಾಕು, 9 ಕೆಜಿ ಉಳಿಯಿತು! ಕಟ್ಟಿಗೆ ಬೇಕೋ ಬೇಡವೋ ಎನ್ನುವುದು ಒಲೆಯ ಮೇಲೆ ನಿಂತಿದೆ.

ಇದೇನೂ ಹೊಸ ಉಪಾಯವಲ್ಲ. ಹರಪನಹಳ್ಳಿ ತಾಲೂಕಿನ ದುಗ್ಗಾವತಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಇಂಥ ಕಾರ್ಖಾನೆಗಳು ಓಡುವುದು ತಾವೇ ಅರೆದ ಕಬ್ಬಿನ ಸಿಪ್ಪೆಯನ್ನು ಸುಟ್ಟು. ನಾವು ಮಾತ್ರ ಬೀಜವನ್ನು ಪೇಟೆಯಿಂದ ತಂದು, ಸಿಪ್ಪೆಯನ್ನು ಇಟ್ಟಿಗೆ ಭಟ್ಟಿಗೆ ಬಿಟ್ಟು, ಗುಡ್ಡದ ಗಿಡ ಸುಡುತ್ತೇವೆ.

ಒಲೆ ಹೇಗಿರಬೇಕು?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ವಿಭಾಗದವರು ಹಳ್ಳಿಗಳಿಗೆ ‘ಅಸ್ತ್ರ ಒಲೆ’ ಕೊಟ್ಟದ್ದು ಹಿರಿಯರಿಗೆ ನೆನಪಿರಬಹುದು. ಅದರ ತತ್ವವನ್ನೇ ದೊಡ್ಡದು ಮಾಡಿಕೊಂಡರಾಯಿತು. ಬೆಂಕಿಯ ಕೆಳಗೆ ಕಬ್ಬಿಣದ ಜಾಲರಿ. ಸಿಪ್ಪೆ ಹಗುರ, ಹಾಗಾಗಿ ಸರಳುಗಳ ಸಂದು ಬೆರಳು ತೂರದಷ್ಟು ಕಿರಿದಿರಲಿ. ಜಾಲರಿಯ ಕೆಳಗೆ ಬೂದಿ ಬೀಳಲು, ಗಾಳಿ ಒಳಗೆ ಬರಲು ಜಾಗ. ಕಡಾಯಿ ಮತ್ತು ಗೋಡೆಯ ನಡುವಿನ ಸಂದನ್ನು ಮಣ್ಣು ಮೆತ್ತಿ ಮುಚ್ಚಬೇಕು. ಬೆಂಕಿ ಮೊದಲ ಬಾಯಿಯಿಂದ ಎರಡನೆಯದಕ್ಕೆ ಹೋಗಿ ಆಮೇಲೆ ಹೊಗೆ ಕೊಳವೆ ಸೇರಬೇಕು. ಕೊಳವೆ ಮಾಡಿಗಿಂತ ಎತ್ತರ ಇರಲಿ.

ಮೊದಲ ಬಾಯಿಯ ಮೇಲೆ ಬೀಜ ಹುರಿಯುತ್ತೇವೆ. ಎರಡನೇ ಬಾಯಿಯ ಮೇಲೆ ಬೆಲ್ಲ ಕರಗಿಸಿ ಸೋಸಿಕೊಳ್ಳುತ್ತೇವೆ. ಹುರಿದು ಮುಗಿದ ಮೇಲೆ ಅದೇ ಬೆಲ್ಲವನ್ನು ಮೊದಲ ಬಾಯಿಗೆ ತಂದು ಆಣ ತೆಗೆಯುವುದು. ಸಿಪ್ಪೆಯನ್ನು ಒಮ್ಮೆಲೆ ಸುರಿದರೆ ಬೆಂಕಿ ಉಸಿರುಗಟ್ಟಿ ಬರೇ ಹೊಗೆ. ಮುಷ್ಟಿ ಮುಷ್ಟಿ ಹಾಕುತ್ತಿರಬೇಕು, ಅದಕ್ಕೇ ಒಬ್ಬರು ಬೇಕು. ಗ್ಯಾಸಿನಷ್ಟು ಆರಾಮಿಲ್ಲ, ಖರೆ. ಆದರೆ ಒಲೆ ಮುಂದೆ ಕೂಡುವ ನಮ್ಮ ಮನೆಯವರನ್ನು ಕೇಳಿದರೆ, “ಈಗ ಕಣ್ಣಾಗ ನೀರು ಬರದಿಲ್ಲ ನೋಡ್ರಿ” ಅಂತಾರೆ.

ಇನ್ನೊಂದು ಸಣ್ಣ ವಿಷಯ. ಬೆಲ್ಲ ಕರಗಿಸಲು ಹಾಕಿದ ನೀರನ್ನೆಲ್ಲ ಮತ್ತೆ ನಾವೇ ಆವಿ ಮಾಡಬೇಕು. ಒಂದು ಲೀಟರ್ ಹೆಚ್ಚಾದರೆ ಮುಕ್ಕಾಲು ಕೆಜಿ ಸಿಪ್ಪೆ ಹೆಚ್ಚು ಸುಡಬೇಕು. ಬೆಲ್ಲವನ್ನು ಸಣ್ಣಗೆ ಕುಟ್ಟಿದರೆ ಸ್ವಲ್ಪ ನೀರಲ್ಲೇ ಕರಗುತ್ತದೆ.

ಕಾಯಿಯನ್ನೇ ಕೊಳ್ಳಿ

ಸಿಪ್ಪೆ ಬೇಕೆಂದರೆ ಬೀಜವಲ್ಲ, ಕಾಯಿ ಕೊಳ್ಳಬೇಕು. ನಾವು ನಮ್ಮದು ಸಾಲದಾಗ ಅಕ್ಕಪಕ್ಕದ ಹೊಲದವರ ಕಾಯಿ ಕೊಳ್ಳುತ್ತೇವೆ. ಕೈಯಿಂದ ನಡೆಸುವ ಯಂತ್ರದಲ್ಲಿ ಒಣಗಿದ ಕಾಯಿಯನ್ನೇ ಒಡೆಯುತ್ತೇವೆ. ದೊಡ್ಡ ಯಂತ್ರಕ್ಕೆ ಹಾಕುವ ಮುಂಚೆ ಬೀಜ ಒಡೆಯದಿರಲೆಂದು ಕಾಯಿಗೆ ನೀರು ಚಿಮುಕಿಸುವ ರೂಢಿ ಇದೆ. ಆ ತೇವದಲ್ಲೇ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ವಿಷ ಬರುತ್ತದೆ. ಬೂಷ್ಟು ಬೀಜ ಆರಿಸಿದ್ದನ್ನು ದನಕ್ಕೆ ಹಾಕಬೇಡಿ, ವಿಷ ಹಾಲಿಗೂ ಇಳಿಯುತ್ತದೆ. ಒಲೆಗೆ ಹಾಕಿ.

ಇದರಲ್ಲಿ ರೈತನ ಪಾಲೂ ಇದೆ. ಹರಪನಹಳ್ಳಿ ಕಡೆ ಎಲ್ಲಿ ನೋಡಿದರೂ ಮೆಕ್ಕೆಜೋಳ. ಅದು ಮೂಟೆ ಮೂಟೆ ಗೊಬ್ಬರ ಕೇಳುತ್ತದೆ. ಶೇಂಗಾ ತನ್ನ ಸಾರಜನಕವನ್ನು ಬಹುಪಾಲು ತಾನೇ ಬೇರಿನ ಗಂಟಿನಲ್ಲಿ ಕಟ್ಟಿಕೊಳ್ಳುತ್ತದೆ. ಊರಲ್ಲೇ ಕಾಯಿ ಕೊಳ್ಳುವವರಿದ್ದರೆ ಶೇಂಗಾ ಹೊಲದಲ್ಲಿ ಉಳಿದೀತು. ಬೆಲ್ಲಕ್ಕೆ ಮಾತ್ರ ನಾವು ಹೊಳೆಸಾಲಿನವರನ್ನೇ ನಂಬಬೇಕು. ಕೊಳ್ಳುವಾಗ ಗಾಣದ ಒಲೆಗೆ ಏನು ಸುಡುತ್ತೀರಿ ಅಂತ ಕೇಳಿ. ಟೈರು ಸುಡುವವರೂ ಇದ್ದಾರೆ. ಬಂಗಾರದಂತೆ ಹೊಳೆಯುವ ಬೆಲ್ಲಕ್ಕೆ ಹೈಡ್ರೋಸ್ ಬಿದ್ದಿರುತ್ತದೆ, ಕಂದು ಬೆಲ್ಲವೇ ವಾಸಿ.

ಉಳಿದ ಸಿಪ್ಪೆಯನ್ನು ದನದ ಕೊಟ್ಟಿಗೆಗೆ ಹಾಸಿ, ಗಂಜಲ ಹೀರಿದ ಮೇಲೆ ತಿಪ್ಪೆಗೆ. ಹಡಗಲಿಯ ಮಲ್ಲಿಗೆ ಬುಡಕ್ಕೆ ಮುಚ್ಚಿಗೆಯಾಗಿಯೂ ಆದೀತು. ಕಡಾಯಿ ತೊಳೆದ ಸಿಹಿನೀರನ್ನು ಚರಂಡಿಗೆ ಬಿಟ್ಟರೆ ನಾತ, ನೊಣ. ಹಳ್ಳ ಸೇರಿದರೆ ನೀರಿನ ಆಮ್ಲಜನಕ ತಿಂದು ಮೀನು ಸಾಯುತ್ತವೆ. ನಾವದನ್ನು ಜೀವಾಮೃತದ ಡ್ರಮ್ಮಿಗೆ ಹಾಕುತ್ತೇವೆ. 200 ಲೀಟರಿಗೆ ಎರಡು ಕೆಜಿ ಬೆಲ್ಲ ಬೇಕಲ್ಲ, ಅದರಲ್ಲಿ ಒಂದಿಷ್ಟು ಉಳಿಯಿತು.

ಹೊದಿಕೆಯ ತೊಡಕು

ಇಲ್ಲಿ ನಮಗಿನ್ನೂ ಪೂರ್ತಿ ದಾರಿ ಸಿಕ್ಕಿಲ್ಲ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. 2022ರ ಜುಲೈ 1ರಿಂದ ಮಿಠಾಯಿ ಡಬ್ಬಿಗೆ ಸುತ್ತುವ ಹಾಳೆ, ಕ್ಯಾಂಡಿಯ ಪ್ಲಾಸ್ಟಿಕ್ ಕಡ್ಡಿ ದೇಶದಲ್ಲೆಲ್ಲ ನಿಷೇಧ. ಆದರೂ ಕೊಟ್ಟೂರಿನ ತೇರು, ಮೈಲಾರದ ಜಾತ್ರೆ ಮುಗಿದ ಮಾರನೇ ದಿನ ಸುತ್ತಲಿನ ಹೊಲ ನೋಡಿ. ಹೊಳೆಯುವ ಪುಡಿಕೆಗಳನ್ನು ಗುಜರಿಯವನೂ ಮುಟ್ಟುವುದಿಲ್ಲ, ದನ ತಿನ್ನುತ್ತವೆ.

ಬೆಲ್ಲ ಗಾಳಿಯ ತೇವ ಎಳೆಯುತ್ತದೆ. ಬರೇ ಕಾಗದದಲ್ಲಿ ಸುತ್ತಿದರೆ ಚಿಕ್ಕಿ ಬೆವರಿ ಅಂಟುತ್ತದೆ. ಅದಕ್ಕೇ ಚಹಾದಂಗಡಿಗೆ ಬಿಗಿ ಮುಚ್ಚಳದ ತಗಡಿನ ಡಬ್ಬಿ ತುಂಬಿ ಕೊಡುತ್ತೇವೆ, ಖಾಲಿ ಡಬ್ಬಿ ವಾಪಸ್ ತರುತ್ತೇವೆ. ಡಬ್ಬಿಗೆ ಮುಂಗಡ ಹಿಡಿದರೆ ಕಳೆಯುವುದಿಲ್ಲ. ಜಾತ್ರೆಯಲ್ಲಿ ಬೆಂಡು ಬತ್ತಾಸಿನಂತೆ ತೂಗಿ ಕಾಗದದ ಪೊಟ್ಟಣ ಕಟ್ಟುತ್ತೇವೆ, ಅಂದೇ ತಿನ್ನುವವರಿಗೆ ಅದು ಸಾಕು. ದೂರದ ಊರಿಗೆ ಕಳಿಸಲು ಈ ಎರಡೂ ಆಗುವುದಿಲ್ಲ. ಮಳೆಗಾಲದಲ್ಲಂತೂ ಚಿಕ್ಕಿ ಬೆವರುತ್ತದೆ, ಸಿಪ್ಪೆಯೂ ಹಸಿಯಾಗಿ ಹೊಗೆಯುತ್ತದೆ. ಆ ನಾಲ್ಕು ತಿಂಗಳು ನಾವು ಭಟ್ಟಿ ಹಚ್ಚುವುದಿಲ್ಲ, ಹೊಲದ ಕೆಲಸವೇ ಆಗುತ್ತದೆ.