ಪೊಲೀಸರಿಗೆ ಗಡುವು, ಕೋರ್ಟಿಗೆ ವಾಯಿದೆ

ದೊಡ್ಡ ಪ್ರಕರಣವೊಂದರಲ್ಲಿ ಬಂಧನವಾದ ಎರಡು-ಮೂರು ತಿಂಗಳಿಗೆ ಪತ್ರಿಕೆಗಳಲ್ಲಿ ಒಂದು ಫೋಟೊ ಬಂದೇ ಬರುತ್ತದೆ. ಕಬ್ಬಿಣದ ಟ್ರಂಕನ್ನೋ ಬಟ್ಟೆಯಲ್ಲಿ ಬಿಗಿದ ಕಾಗದದ ಕಟ್ಟುಗಳನ್ನೋ ಹೊತ್ತ ಪೊಲೀಸರು ಕೋರ್ಟಿನ ಮೆಟ್ಟಿಲು ಹತ್ತುತ್ತಿರುತ್ತಾರೆ. ಇಷ್ಟು ಸಾವಿರ ಪುಟಗಳ ಆರೋಪಪಟ್ಟಿ ಸಲ್ಲಿಕೆ ಎಂದು ಅದರ ಕೆಳಗೊಂದು ಒಕ್ಕಣೆ. ಓದಿದವರು ಕೇಸು ಒಂದು ದಡ ಸೇರಿತು ಅಂದುಕೊಳ್ಳುತ್ತಾರೆ. ಅದು ಇನ್ನೂ ಶುರುವೇ ಆಗಿಲ್ಲ ಎಂಬುದು ವಕೀಲರಿಗೆ ಗೊತ್ತು. ಆ ದಿನದ ಅವಸರಕ್ಕೆ ಕಾರಣ ಬೇರೆಯೇ ಇದೆ: ಆರೋಪಿ ಒಳಗಿದ್ದು ಅರವತ್ತನೆಯದೋ ತೊಂಬತ್ತನೆಯದೋ ದಿನ ಹತ್ತಿರ ಬಂದಿರುತ್ತದೆ. ಅದು ದಾಟಿದರೆ ಎಂಥ ಆರೋಪವಿದ್ದರೂ ಜಾಮೀನು ಕೇಳಿದವನಿಗೆ ಇಲ್ಲವೆನ್ನುವಂತಿಲ್ಲ.

ಆರೋಪಪಟ್ಟಿ ಒಮ್ಮೆ ಸಲ್ಲಿಕೆಯಾಯಿತೆಂದರೆ ಆ ಅವಸರ ಯಾರಿಗೂ ಇರುವುದಿಲ್ಲ. ಪೊಲೀಸರ ತಲೆಯ ಮೇಲೆ ತೂಗುವ ಗಡುವನ್ನು ಕಾನೂನು ನ್ಯಾಯಾಲಯದ ಮೇಲೆ ಯಾಕೆ ತೂಗುಹಾಕಲಿಲ್ಲ? ಹಾಕಲು ಒಮ್ಮೆ ಪ್ರಯತ್ನ ನಡೆದಿತ್ತು. ಅದು ಬಿದ್ದುಹೋದದ್ದು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ.

ಮೊದಲು ಪೊಲೀಸರ ಗಡುವಿನ ಕಥೆ. ಬ್ರಿಟಿಷರು 1898ರಲ್ಲಿ ತಂದ ದಂಡಪ್ರಕ್ರಿಯಾ ಸಂಹಿತೆ ಕಾಗದದ ಮೇಲೆ ಕಟ್ಟುನಿಟ್ಟಾಗಿಯೇ ಇತ್ತು. ಹಿಡಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ತನಿಖೆಗಾಗಿ ಹೆಚ್ಚೆಂದರೆ 15 ದಿನ ಇಟ್ಟುಕೊಳ್ಳಬಹುದು ಎಂದು 167ನೇ ಸೆಕ್ಷನ್ ಹೇಳುತ್ತಿತ್ತು. ಹದಿನೈದು ದಿನಕ್ಕೆ ಯಾವ ದೊಡ್ಡ ತನಿಖೆಯೂ ಮುಗಿಯುವುದಿಲ್ಲ. ಪೊಲೀಸರು ಇನ್ನೊಂದು ದಾರಿ ಕಂಡುಕೊಂಡರು. ಹದಿನೈದನೆಯ ದಿನ ‘ಪ್ರಾಥಮಿಕ ಆರೋಪಪಟ್ಟಿ’ ಎಂಬ ಹೆಸರಿನಲ್ಲಿ ಅರೆಬರೆ ಕಾಗದವೊಂದನ್ನು ಸಲ್ಲಿಸುವುದು, ನಂತರ ಕೇಸು ಮುಂದೂಡಲೆಂದಿದ್ದ 344ನೇ ಸೆಕ್ಷನ್ ಹಿಡಿದು ಹದಿನೈದು ಹದಿನೈದು ದಿನದಂತೆ ರಿಮಾಂಡ್ ಪಡೆಯುತ್ತ ಹೋಗುವುದು. ಅದಕ್ಕೆ ಕೊನೆಯ ಮಿತಿ ಇರಲಿಲ್ಲ. ಆಮೇಲೆ ಸುಪ್ರೀಂ ಕೋರ್ಟೂ ಇದನ್ನು ತಪ್ಪೆನ್ನಲಿಲ್ಲ.

ಕಾನೂನು ಆಯೋಗ 1969ರಲ್ಲಿ ಕೊಟ್ಟ 41ನೇ ವರದಿ ಈ ಅಡ್ಡದಾರಿಯನ್ನು ಮುಚ್ಚಲು ಹೊರಟಿತು. ಹದಿನೈದು ದಿನ ಸಾಲದು ಎಂಬುದನ್ನು ಒಪ್ಪಿಕೊಳ್ಳೋಣ, 60 ದಿನ ಕೊಡೋಣ, ಅದರಾಚೆ ಬೇಡ ಎಂದಿತು. ಸಂಸತ್ತು ಹೊಸ ಸಂಹಿತೆ ರೂಪಿಸುವಾಗ ಅದಕ್ಕೊಂದು ಹಲ್ಲನ್ನೂ ಇಟ್ಟಿತು. ಅರವತ್ತು ದಿನದಲ್ಲಿ ತನಿಖೆ ಮುಗಿಯದಿದ್ದರೆ ಆರೋಪಿಗೆ ಜಾಮೀನು ಕೊಡಲೇಬೇಕು, ನ್ಯಾಯಾಧೀಶರ ವಿವೇಚನೆಗೆ ಅಲ್ಲಿ ಜಾಗವಿಲ್ಲ. 1974ರ ಏಪ್ರಿಲ್ 1ರಿಂದ ಇದು ಜಾರಿಗೆ ಬಂತು. ನ್ಯಾಯಾಂಗಕ್ಕೆ ಇದು ತಕ್ಷಣ ರುಚಿಸಲಿಲ್ಲ. 1975ರ ನಟಬರ ಪರೀದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಕಾನೂನು ಅಪರಾಧಿಗಳಿಗೆ ಸ್ವರ್ಗವಾಗಿದ್ದರೆ ಅದು ಶಾಸಕಾಂಗದ ಆಜ್ಞೆಯಿಂದಲೇ ಹೊರತು ಕೋರ್ಟುಗಳಿಂದಲ್ಲ ಎಂಬರ್ಥದಲ್ಲಿ ಬೇಸರದಿಂದಲೇ ಬರೆಯಿತು. ಪೊಲೀಸರ ಒತ್ತಡವೂ ಸೇರಿ 1978ರ ತಿದ್ದುಪಡಿ ಬಂತು. ಗಲ್ಲು, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60. ಇವತ್ತು ನಾವು ಕೇಳುವ ಲೆಕ್ಕ ಇದೇ.

ಆಮೇಲಿನ ನಲವತ್ತಕ್ಕೂ ಹೆಚ್ಚು ವರ್ಷ ಈ ಲೆಕ್ಕದ ಮೇಲಿನ ಹಗ್ಗಜಗ್ಗಾಟ. ಟಾಡಾ, ಮಾದಕವಸ್ತು ಕಾಯ್ದೆ, ಯುಎಪಿಎ, ನಮ್ಮದೇ ರಾಜ್ಯದ ಸಂಘಟಿತ ಅಪರಾಧ ತಡೆ ಕಾಯ್ದೆ ಕೋಕಾ, ಒಂದೊಂದೂ ಅವಧಿಯನ್ನು 180 ದಿನಕ್ಕೋ ಅದರಾಚೆಗೋ ಎಳೆಯಿತು. ಅರ್ಜಿ ಮೊದಲೋ ಆರೋಪಪಟ್ಟಿ ಮೊದಲೋ ಎಂಬುದೇ ಒಂದು ಓಟವಾಯಿತು. ಆರೋಪಿ ಅರ್ಜಿ ಹಾಕುವ ಮೊದಲು ಪಟ್ಟಿ ಸಲ್ಲಿಕೆಯಾದರೆ ಹಕ್ಕು ಕರಗಿಹೋಯಿತು ಎಂದು 1994ರಲ್ಲಿ ಸಾಂವಿಧಾನಿಕ ಪೀಠ ಹೇಳಿತು. ಅರ್ಜಿ ಕೊಟ್ಟರೆ ಸಾಕು, ಬಾಂಡ್ ಬರೆಯುವಷ್ಟರಲ್ಲಿ ಪಟ್ಟಿ ಬಂದರೂ ಹಕ್ಕು ಉಳಿಯುತ್ತದೆ ಎಂದು 2001ರಲ್ಲಿ ತೀರ್ಮಾನವಾಯಿತು. ಕೋವಿಡ್ ಲಾಕ್‌ಡೌನ್ ಕೂಡ ಈ ಗಡುವನ್ನು ಹಿಗ್ಗಿಸಲಾರದು ಎಂದು 2020ರಲ್ಲಿ ಬಂತು. ಇನ್ನೊಂದು ಪ್ರಕರಣದಲ್ಲಿ ಜಗಳವಿದ್ದದ್ದು ಒಂದೇ ಒಂದು ದಿನದ್ದು. ಮೇ 14ಕ್ಕೆ ರಿಮಾಂಡ್, ಜುಲೈ 13ಕ್ಕೆ ಆರೋಪಪಟ್ಟಿ. ರಿಮಾಂಡಿನ ದಿನವನ್ನು ಲೆಕ್ಕಕ್ಕೆ ಹಿಡಿದರೆ 61, ಬಿಟ್ಟರೆ 60. ಹಿಡಿಯಬೇಕು ಎಂದು ಹೇಳಲು ಮೂವರು ನ್ಯಾಯಮೂರ್ತಿಗಳ ಪೀಠ 2023ರ ತನಕ ಬೇಕಾಯಿತು. ಇಷ್ಟು ಗುದ್ದಾಟ ನಡೆದದ್ದೇ ಆ ಗಡುವಿಗೆ ಹಲ್ಲಿತ್ತು ಎಂಬುದಕ್ಕೆ ಸಾಕ್ಷಿ.

ಹಲ್ಲಿದ್ದರೂ ಬಡವರ ಪಾಲಿಗೆ ಅದು ಇದ್ದೂ ಇಲ್ಲದಂತಿತ್ತು. ಪೊಲೀಸ್ ಅಧಿಕಾರಿ ಕೆ.ಎಫ್. ರುಸ್ತಮ್‌ಜಿ ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿ ಬಿಹಾರದ ಜೈಲುಗಳನ್ನು ನೋಡಿ ಬಂದು 1979ರ ಜನವರಿಯಲ್ಲಿ ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಬರೆದರು. ಅಪರಾಧ ಸಾಬೀತಾಗಿದ್ದರೆ ಅನುಭವಿಸಬೇಕಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯೇ ಇಲ್ಲದೆ ಒಳಗಿದ್ದವರು ಅಲ್ಲಿದ್ದರು. ಯಾವ ಆರೋಪವೂ ಇಲ್ಲದೆ, ಅಪರಾಧಕ್ಕೆ ಬಲಿಯಾದವರೆಂಬ ಕಾರಣಕ್ಕೇ ‘ರಕ್ಷಣೆ’ಯ ಹೆಸರಿನಲ್ಲಿ ಕೂಡಿಹಾಕಿದ ಹೆಂಗಸರೂ ಇದ್ದರು. ಅದನ್ನು ಓದಿದ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾಣಿ ಸುಪ್ರೀಂ ಕೋರ್ಟಿಗೆ ಹೋದರು. ಹುಸೇನಾರಾ ಖಾತೂನ್ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ, ಬೇಗ ವಿಚಾರಣೆ ನಡೆಯುವುದು ಬದುಕುವ ಹಕ್ಕಿನ ಭಾಗ ಎಂದರು. ಅರವತ್ತು, ತೊಂಬತ್ತು ದಿನ ಕಳೆದವನನ್ನು ಮತ್ತೆ ರಿಮಾಂಡಿಗೆ ಕಳಿಸುವ ಮೊದಲು ‘ನಿನಗೆ ಜಾಮೀನಿನ ಹಕ್ಕಿದೆ’ ಎಂದು ಮ್ಯಾಜಿಸ್ಟ್ರೇಟರೇ ಅವನಿಗೆ ತಿಳಿಸಬೇಕು ಎಂದೂ ಹೇಳಿದರು.

ಜಾಮೀನು ಸಿಕ್ಕಿತು ಅನ್ನಿ, ಶ್ಯೂರಿಟಿ ಎಲ್ಲಿಂದ ತರುವುದು? ಮಧ್ಯಪ್ರದೇಶದ ಗಾರೆ ಕೆಲಸದವನೊಬ್ಬನಿಗೆ ಕೆಳ ಕೋರ್ಟು ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿತ್ತು. ಅಣ್ಣನೋ ತಮ್ಮನೋ ಮುಂದೆ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿತು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸಿಟ್ಟಿನಿಂದಲೇ ಕೇಳಿದರು: ಮಲಯಾಳಿ, ಕನ್ನಡಿಗ, ತಮಿಳ, ತೆಲುಗರವನು ಬಸ್ತರಿನಲ್ಲೋ ಚಾಂದನಿ ಚೌಕದಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿ ಹುಡುಕಬೇಕು? ಆ ಪ್ರಶ್ನೆ ಹಳತಾಗಿಲ್ಲ. ರಾಯಚೂರಿನಿಂದ ಬೆಂಗಳೂರಿಗೆ ಕೂಲಿಗೆ ಬಂದವನ ಪರವಾಗಿ ಪಹಣಿ ಹಿಡಿದು ನಿಲ್ಲುವವರು ಯಾರು? ಕೋರ್ಟ್ ಆವರಣಗಳಲ್ಲಿ ಬಾಡಿಗೆ ಜಾಮೀನುದಾರರು, ನಕಲಿ ಪಹಣಿಗಳು ಹುಟ್ಟಿಕೊಂಡದ್ದು ಈ ಕೊರತೆಯಿಂದಲೇ. ಕೇಂದ್ರ ಸರ್ಕಾರ 2023ರಲ್ಲಿ ಬಡ ವಿಚಾರಣಾಧೀನ ಕೈದಿಗಳ ಜಾಮೀನಿಗೆ 40,000 ರೂಪಾಯಿಯವರೆಗೆ ನೆರವಿನ ಯೋಜನೆ ತಂದಿತು. ಅದೇ ವರ್ಷ ಸುಪ್ರೀಂ ಕೋರ್ಟು, ಜಾಮೀನು ಸಿಕ್ಕಿ ಒಂದು ತಿಂಗಳಾದರೂ ಬಾಂಡ್ ಕೊಡಲಾಗದವರ ಷರತ್ತನ್ನು ಕೆಳ ಕೋರ್ಟುಗಳು ತಾವಾಗಿಯೇ ಸಡಿಲಿಸುವುದನ್ನು ಪರಿಗಣಿಸಬಹುದು ಎಂದಿತು.

ಇನ್ನು ಟ್ರಂಕು ಕೋರ್ಟಿನೊಳಗೆ ಹೋದ ಮೇಲೆ ಏನಾಗುತ್ತದೆ? ಮ್ಯಾಜಿಸ್ಟ್ರೇಟರು ಪಟ್ಟಿಯನ್ನು ಓದಿ ಅಪರಾಧವನ್ನು ಗಣನೆಗೆ (ಕಾಗ್ನಿಜೆನ್ಸ್) ತೆಗೆದುಕೊಳ್ಳುತ್ತಾರೆ, ಕೇಸಿಗೆ ಸಿ.ಸಿ. ನಂಬರು ಬೀಳುತ್ತದೆ. ಆರೋಪಿಗಳಿಗೆಲ್ಲ ಪ್ರತಿ ಕೊಡಬೇಕು. ಏಳು ಜನರಿದ್ದರೆ ಏಳು ಪ್ರತಿ, ಅದರಲ್ಲಿ ಒಬ್ಬರಿಗೆ ಸಿಸಿಟಿವಿಯ ಪೆನ್‌ಡ್ರೈವ್ ಬಂದಿಲ್ಲ, ಇನ್ನೊಬ್ಬರಿಗೆ ಪ್ರಯೋಗಾಲಯದ ವರದಿ ಇಲ್ಲ. ವಾಯಿದೆ. ಒಬ್ಬ ತಲೆಮರೆಸಿಕೊಂಡಿದ್ದಾನೆ, ಅವನಿಗೆ ವಾರಂಟ್, ಅವನು ಸಿಗದಿದ್ದರೆ ಅವನ ಕೇಸು ‘ಸ್ಪ್ಲಿಟ್’. ಜೈಲಿನಿಂದ ಕರೆತರಲು ಬೆಂಗಾವಲಿನ ಪೊಲೀಸರಿಲ್ಲ, ಆರೋಪಿ ಗೈರು. ಮತ್ತೆ ವಾಯಿದೆ. ದೊಡ್ಡ ಅಪರಾಧವಾದರೆ ಕೇಸನ್ನು ಸೆಷನ್ಸ್ ಕೋರ್ಟಿಗೆ ‘ಕಮಿಟ್’ ಮಾಡಬೇಕು.

ಈ ಕಮಿಟ್ ಎಂಬುದಕ್ಕೆ ಹಿಂದೆ ತೂಕವಿತ್ತು. ಹಳೆಯ ಸಂಹಿತೆಯಲ್ಲಿ ಮ್ಯಾಜಿಸ್ಟ್ರೇಟರು ಸಾಕ್ಷಿಗಳನ್ನು ಕರೆಸಿ ಕೇಳಿ, ಹುರುಳಿದ್ದರೆ ಮಾತ್ರ ಮೇಲಕ್ಕೆ ಕಳಿಸುತ್ತಿದ್ದರು. ಸಾಕ್ಷಿಗಳು ಎರಡೆರಡು ಸಲ ಅಲೆಯಬೇಕು, ತಡವಾಗುತ್ತದೆ ಎಂದು 1973ರ ಸಂಹಿತೆ ಅದನ್ನು ತೆಗೆಯಿತು. ಈಗ ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಟಪಾಲು ಕಳಿಸಿದ ಹಾಗೆ. ನನ್ನನ್ನು ಕೇಳಿದರೆ ಆ ಬದಲಾವಣೆಯಲ್ಲಿ ನಾವು ಕಳೆದುಕೊಂಡದ್ದೇ ಹೆಚ್ಚು. ತಡ ತಪ್ಪಲಿಲ್ಲ, ಜೊಳ್ಳು ಕೇಸುಗಳು ಆರಂಭದಲ್ಲೇ ಉದುರುವ ಅವಕಾಶ ಮಾತ್ರ ಹೋಯಿತು. ಅದರ ಬದಲಿಗೆ ಉಳಿದದ್ದು ಡಿಸ್ಚಾರ್ಜ್ ಅರ್ಜಿ, ಅಂದರೆ ‘ಈ ಕಾಗದಗಳನ್ನೇ ನಂಬಿದರೂ ನನ್ನ ಮೇಲೆ ಕೇಸಾಗುವುದಿಲ್ಲ, ಬಿಟ್ಟುಬಿಡಿ’ ಎಂಬ ಮನವಿ. ಅಲ್ಲಿ ಆರೋಪಿ ತನ್ನ ಕಡೆಯ ದಾಖಲೆ ತೋರಿಸುವಂತಿಲ್ಲ, ಪೊಲೀಸರ ಕಾಗದದ ಮೇಲಷ್ಟೇ ವಾದ ಎಂದು ಸುಪ್ರೀಂ ಕೋರ್ಟು 2004ರಲ್ಲಿ ಗೆರೆ ಎಳೆದಿದೆ. ಅರ್ಜಿ ವಜಾ ಆದರೆ ಹೈಕೋರ್ಟಿಗೆ, ಅಲ್ಲಿ ತಡೆಯಾಜ್ಞೆ ಸಿಕ್ಕರೆ ಕೇಸು ಅಷ್ಟು ದಿನ ನಿಂತಲ್ಲೇ. ಇಂಥ ತಡೆಗಳು ಆರು ತಿಂಗಳಿಗೆ ತಾವಾಗಿಯೇ ಬೀಳುತ್ತವೆ ಎಂದು 2018ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು 2024ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಇದೆಲ್ಲ ದಾಟಿದ ಮೇಲೆ ದೋಷಾರೋಪಣೆ. ನ್ಯಾಯಾಧೀಶರು ಆರೋಪ ಓದಿ ಹೇಳಿ ತಪ್ಪೊಪ್ಪಿಕೊಳ್ಳುತ್ತೀಯಾ ಎಂದು ಕೇಳುತ್ತಾರೆ. ಇಲ್ಲವೆಂದರೆ ಮಾತ್ರ ಸಾಕ್ಷಿಗಳ ವಿಚಾರಣೆಗೆ ದಿನ ಗೊತ್ತಾಗುತ್ತದೆ.

ಈ ದಾರಿ ಎಷ್ಟು ಉದ್ದ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾದದ್ದು 2017ರ ಸೆಪ್ಟೆಂಬರ್ 5ರಂದು. ಒಂಬತ್ತು ಸಾವಿರಕ್ಕೂ ಹೆಚ್ಚು ಪುಟಗಳ ಹೆಚ್ಚುವರಿ ಆರೋಪಪಟ್ಟಿ 2018ರ ನವೆಂಬರಿನಲ್ಲಿ ಸಲ್ಲಿಕೆಯಾಯಿತು. ಕೋಕಾ ಅನ್ವಯಿಸುತ್ತದೆಯೇ ಎಂಬ ವಿವಾದ ಹೈಕೋರ್ಟು, ಸುಪ್ರೀಂ ಕೋರ್ಟುಗಳನ್ನು ಸುತ್ತಿ ಬಂತು. ದೋಷಾರೋಪಣೆ ಆದದ್ದು 2021ರ ಅಕ್ಟೋಬರ್ ಕೊನೆಗೆ, ಸಾಕ್ಷಿ ವಿಚಾರಣೆ ಶುರುವಾದದ್ದು 2022ರ ಜುಲೈಯಲ್ಲಿ. 527 ಸಾಕ್ಷಿಗಳಲ್ಲಿ 90 ಮಂದಿಯದ್ದಷ್ಟೇ ಮುಗಿದಿದೆ ಎಂದು ಗಮನಿಸಿ, ವಿಳಂಬವನ್ನೇ ಮುಖ್ಯ ಕಾರಣವಾಗಿ ಹಿಡಿದು ಹೈಕೋರ್ಟು 2023ರ ಡಿಸೆಂಬರಿನಲ್ಲಿ ಒಬ್ಬ ಆರೋಪಿಗೆ ಜಾಮೀನು ಕೊಟ್ಟಿತು. ತಡವೆಂಬುದು ಆರೋಪಿಯನ್ನಷ್ಟೇ ಸುಡುವುದಿಲ್ಲ, ನ್ಯಾಯಕ್ಕಾಗಿ ಕಾದು ಕೂತ ಮನೆಯವರನ್ನೂ ಸುಡುತ್ತದೆ.

ನ್ಯಾಯಾಲಯಕ್ಕೂ ಗಡುವು ಹಾಕುವ ಪ್ರಯತ್ನ ನಡೆದದ್ದು 1996 ಮತ್ತು 1998ರ ತೀರ್ಪುಗಳಲ್ಲಿ. ಇಂತಿಂಥ ಅಪರಾಧಗಳಲ್ಲಿ ಇಂತಿಷ್ಟು ವರ್ಷ ದಾಟಿದರೆ ಆರೋಪಿಯನ್ನು ಬಿಡಬೇಕು ಅಥವಾ ಸರ್ಕಾರದ ಕಡೆಯ ಸಾಕ್ಷ್ಯ ಮುಗಿಯಿತೆಂದು ಹಿಡಿಯಬೇಕು ಎಂದು ಸುಪ್ರೀಂ ಕೋರ್ಟೇ ವಿಧಿಸಿತು. ಆಗ ಮಂಗಳೂರು ನಗರಪಾಲಿಕೆಯ ನೌಕರರೊಬ್ಬರ ಮೇಲೆ ಆದಾಯ ಮೀರಿದ ಆಸ್ತಿಯ ಕೇಸಿತ್ತು. 1994ರ ಮಾರ್ಚಿನಲ್ಲಿ ಆರೋಪಪಟ್ಟಿ, ಆಗಸ್ಟಿನಲ್ಲಿ ದೋಷಾರೋಪಣೆ. 1999ರ ಫೆಬ್ರುವರಿಯಾದರೂ ವಿಚಾರಣೆ ಶುರುವಾಗಿರಲಿಲ್ಲ. ವಿಶೇಷ ನ್ಯಾಯಾಧೀಶರು 1998ರ ಆ ತೀರ್ಪನ್ನು ಪಾಲಿಸಿ ಅವರನ್ನು ಬಿಡುಗಡೆ ಮಾಡಿದರು. ವ್ಯಾಜ್ಯ ಮೇಲಕ್ಕೆ ಹೋಗಿ 2002ರ ಏಪ್ರಿಲ್‌ನಲ್ಲಿ ಏಳು ನ್ಯಾಯಮೂರ್ತಿಗಳ ಪೀಠದ ಮುಂದೆ ತೀರ್ಮಾನವಾಯಿತು. ಬೇಗ ವಿಚಾರಣೆ ಹಕ್ಕು ನಿಜ, ಆದರೆ ಇಷ್ಟೇ ವರ್ಷ ಎಂದು ಗೆರೆ ಎಳೆಯುವುದು ಶಾಸನ ಮಾಡಿದಂತೆ, ಅದು ಕೋರ್ಟಿನ ಕೆಲಸವಲ್ಲ ಎಂದು ಪೀಠ ಗಡುವನ್ನು ತೆಗೆದುಹಾಕಿತು. ತರ್ಕ ಸರಿಯಿದೆ. ಗೆರೆ ಎಳೆಯುವ ಕೆಲಸವಿದ್ದ ಶಾಸಕಾಂಗ ಮಾತ್ರ ಅದನ್ನು ಅರ್ಧಕ್ಕೇ ಬಿಟ್ಟಿತು. ಗಡುವು ಹಾಕಿದರೂ ಪಾಲಿಸಲು ಸಾಕಷ್ಟು ನ್ಯಾಯಾಧೀಶರಿಲ್ಲ. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ನಾವಿನ್ನೂ ಅದರ ಅರ್ಧಕ್ಕೆ ಮುಟ್ಟಿಲ್ಲ.

ಶಾಸಕಾಂಗ ಮಾಡಿದ್ದು ಬೇರೆಯದೊಂದು. ಗರಿಷ್ಠ ಶಿಕ್ಷೆಯ ಅರ್ಧ ಅವಧಿಯನ್ನು ವಿಚಾರಣಾಧೀನನಾಗಿಯೇ ಕಳೆದವನನ್ನು ಬಿಡಬೇಕು ಎಂಬ 436ಎ ಸೆಕ್ಷನ್ 2006ರಲ್ಲಿ ಜಾರಿಗೆ ಬಂತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್, ಹಿಂದೆ ಯಾವ ಅಪರಾಧದಲ್ಲೂ ದೋಷಿಯಾಗಿರದವರಿಗೆ ಇದನ್ನು ಮೂರನೇ ಒಂದಕ್ಕೆ ಇಳಿಸಿದೆ. ಗಲ್ಲು, ಜೀವಾವಧಿಯ ಕೇಸುಗಳಿಗೆ ಇದು ಇಲ್ಲ. ಒಂದಕ್ಕಿಂತ ಹೆಚ್ಚು ಕೇಸಿದ್ದವರಿಗೂ ಇಲ್ಲ, ಮತ್ತು ಪೊಲೀಸರು ಒಬ್ಬನ ಮೇಲೆ ಎರಡನೆಯ ಕೇಸು ಹಾಕುವುದು ಕಷ್ಟದ ಕೆಲಸವೇನಲ್ಲ. ಹೊಸ ಸಂಹಿತೆಯಲ್ಲಿ ಪ್ರತಿ ಕೊಡಲು 14 ದಿನ, ಕಮಿಟ್ ಮಾಡಲು 90 ದಿನ, ದೋಷಾರೋಪಣೆಗೆ ಮೊದಲ ಹಿಯರಿಂಗಿನಿಂದ 60 ದಿನ ಎಂಬ ಸಾಲುಗಳೂ ಇವೆ. ದಾಟಿದರೆ ಆರೋಪಿಗೆ ಏನು ಸಿಗುತ್ತದೆ ಎಂಬುದನ್ನು ಅವು ಹೇಳುವುದಿಲ್ಲ. 1974ರ ಗಡುವಿಗಿದ್ದ ಹಲ್ಲು ಇವಕ್ಕಿಲ್ಲ. ಈ ತಡ ತಟ್ಟುವವರು ಎಷ್ಟೆಂದರೆ, 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಲೆಕ್ಕ ಕೊಟ್ಟಿದೆ.

ನಿಮ್ಮವರೋ ನೆರೆಯವರೋ ಒಳಗಿದ್ದರೆ ರಿಮಾಂಡಿಗೆ ಕಳಿಸಿದ ದಿನವನ್ನೂ ಸೇರಿಸಿ ತಾರೀಕು ಎಣಿಸಿ. ಗಡುವು ಮುಗಿದ ಮಾರನೆಯ ದಿನವೇ, ಆರೋಪಪಟ್ಟಿ ಕೋರ್ಟು ಮುಟ್ಟುವ ಮೊದಲೇ, ಅರ್ಜಿ ಕೊಡಿ. ವರ್ಷಗಳಿಂದ ಒಳಗಿರುವವರಾದರೆ 479ನೇ ಸೆಕ್ಷನ್ನಿನ ಲೆಕ್ಕ ಹಾಕಿ. ಅವಧಿ ಮುಗಿದ ಕೂಡಲೇ ಕೋರ್ಟಿಗೆ ಬರೆಯುವುದು ಜೈಲು ಸೂಪರಿಂಟೆಂಡೆಂಟರ ಕರ್ತವ್ಯ, 2024ರ ಜುಲೈಗಿಂತ ಹಿಂದಿನ ಕೇಸುಗಳಿಗೂ ಇದು ಅನ್ವಯಿಸುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿಗೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.