ನೈನಿತಾಲ್‌ನ ಪ್ರೇಕ್ಷಣೀಯ ಸ್ಥಳಗಳು

ನೈನಿತಾಲ್ ಉತ್ತರಾಖಂಡ ರಾಜ್ಯದ ಕುಮಾವೂನ್ ಪ್ರದೇಶದಲ್ಲಿರುವ ಗಿರಿಧಾಮ ಹಾಗೂ ಅದೇ ಹೆಸರಿನ ಜಿಲ್ಲೆಯ ಆಡಳಿತ ಕೇಂದ್ರ. ಸಮುದ್ರಮಟ್ಟದಿಂದ ಸುಮಾರು 1,940 ಮೀಟರ್ ಎತ್ತರದಲ್ಲಿ, ಮೂರು ಕಡೆ ಬೆಟ್ಟಗಳಿಂದ ಸುತ್ತುವರಿದ ಸರೋವರವೊಂದರ ದಡದಲ್ಲಿ ಈ ಪಟ್ಟಣ ಬೆಳೆದಿದೆ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 41,377. ಬ್ರಿಟಿಷರ ಕಾಲದಲ್ಲಿ ಇದು ಸಂಯುಕ್ತ ಪ್ರಾಂತ್ಯದ ಬೇಸಿಗೆ ರಾಜಧಾನಿಯಾಗಿತ್ತು. 2000ದಲ್ಲಿ ಹೊಸ ರಾಜ್ಯ ರಚನೆಯಾದಾಗ ಉತ್ತರಾಖಂಡದ ಉಚ್ಚ ನ್ಯಾಯಾಲಯ ಇಲ್ಲಿ ಸ್ಥಾಪನೆಯಾಯಿತು.

ಪಟ್ಟಣದ ಹಲವು ಪ್ರಮುಖ ಸ್ಥಳಗಳು ಇಂದಿನ ರೂಪ ತಾಳಿದ್ದು 1880ರ ಭೂಕುಸಿತದ ನಂತರ. ಆದುದರಿಂದ ಇಲ್ಲಿನ ಮೈದಾನ, ದೇವಾಲಯ, ರಾಜಭವನಗಳನ್ನು ಸುತ್ತಲಿನ ಇಳಿಜಾರು ಮತ್ತು ನೀರಿನ ಇತಿಹಾಸದೊಂದಿಗೆ ಸೇರಿಸಿ ನೋಡುವುದು ಸೂಕ್ತ.

ನೈನಿ ಸರೋವರ

ಅವರೆಕಾಳಿನ ಆಕಾರದ ಈ ಸರೋವರದ ಉದ್ದ ಸುಮಾರು 1.4 ಕಿ.ಮೀ.; ಗರಿಷ್ಠ ಆಳ ಸುಮಾರು 27 ಮೀಟರ್. ಸತಿಯ ದೇಹವನ್ನು ಹೊತ್ತು ಶಿವನು ಅಲೆಯುತ್ತಿದ್ದಾಗ ಆಕೆಯ ಕಣ್ಣು ಬಿದ್ದ ಸ್ಥಳ ಇದೆಂಬ ನಂಬಿಕೆಯಿದ್ದು, ನಯನ ಎಂಬ ಪದದಿಂದಲೇ ಊರಿಗೆ ಹೆಸರು ಬಂದಿದೆ. ಅತ್ರಿ, ಪುಲಸ್ತ್ಯ ಮತ್ತು ಪುಲಹ ಋಷಿಗಳು ಮಾನಸ ಸರೋವರದ ನೀರನ್ನು ಇಲ್ಲಿಗೆ ತಂದರೆಂಬ ಕಥೆಯಿಂದಾಗಿ ಇದನ್ನು ತ್ರಿಋಷಿ ಸರೋವರ ಎಂದೂ ಕರೆಯುತ್ತಾರೆ. ಶಹಜಹಾನ್‌ಪುರದ ಸಕ್ಕರೆ ವ್ಯಾಪಾರಿ ಬ್ಯಾರನ್ ಎಂಬಾತ 1841ರಲ್ಲಿ ಇಲ್ಲಿಗೆ ಬಂದ ನಂತರ ಯುರೋಪಿಯನ್ನರ ವಸತಿ ಆರಂಭವಾಯಿತು. ಸ್ಥಳೀಯರಿಗೆ ಇದು ಅದಕ್ಕೂ ಬಹಳ ಹಿಂದಿನಿಂದಲೇ ಪವಿತ್ರ ಸ್ಥಳವಾಗಿದ್ದುದರಿಂದ, ಬ್ಯಾರನ್ ನೈನಿತಾಲನ್ನು ಕಂಡುಹಿಡಿದನೆಂದು ಕೆಲವು ಪ್ರವಾಸಿ ಕೈಪಿಡಿಗಳು ಹೇಳುವುದು ಸರಿಯಲ್ಲ.

ಸರೋವರದ ಮೇಲ್ತುದಿಯ ಭಾಗಕ್ಕೆ ಮಲ್ಲಿತಾಲ್ ಎಂದೂ ಕೆಳತುದಿಯ ಭಾಗಕ್ಕೆ ತಲ್ಲಿತಾಲ್ ಎಂದೂ ಹೆಸರು. ಇವೆರಡನ್ನು ಒಂದು ದಡದಲ್ಲಿ ಮಾಲ್ ರೋಡ್ ಜೋಡಿಸುತ್ತದೆ. ಎದುರು ದಡದಲ್ಲಿ ಮರಗಳ ನೆರಳಿನ ಠಂಡಿ ಸಡಕ್ ಇದೆ. ಮಾಲ್ ರೋಡ್‌ನ ಅಂಗಡಿಸಾಲಿಗಿಂತ ಠಂಡಿ ಸಡಕ್‌ನ ನಡಿಗೆ ಹೆಚ್ಚು ಹಿತಕರ. ದೋಣಿ ವಿಹಾರಕ್ಕೆ ಎರಡೂ ತುದಿಗಳಲ್ಲಿ ವ್ಯವಸ್ಥೆಯಿದೆ.

ಸರೋವರವು ಪಟ್ಟಣದ ಕುಡಿಯುವ ನೀರಿನ ಮುಖ್ಯ ಆಧಾರವೂ ಹೌದು. ಇದಕ್ಕೆ ನೀರು ಮಳೆಗಾಲದ ಚರಂಡಿಗಳಿಂದ ಮಾತ್ರವಲ್ಲದೆ ನೆಲದೊಳಗಿನಿಂದಲೂ ಬರುತ್ತದೆ. ಮಲ್ಲಿತಾಲ್‌ನ ಮೇಲ್ಭಾಗದಲ್ಲಿರುವ ಸೂಖಾತಾಲ್ ಎಂಬ ತಗ್ಗು ಮಳೆಗಾಲದಲ್ಲಿ ತುಂಬಿ, ಉಳಿದ ತಿಂಗಳುಗಳಲ್ಲಿ ನೀರನ್ನು ನಿಧಾನವಾಗಿ ನೆಲದ ಮೂಲಕ ಕೆಳಗಿನ ಸರೋವರಕ್ಕೆ ಬಿಡುತ್ತದೆ. ಹೆಸರಿಗೆ ತಕ್ಕಂತೆ ಒಣಗಿದ ಕೆರೆಯಂತೆ ಕಾಣುವುದರಿಂದ ಪ್ರವಾಸಿಗರು ಇದರತ್ತ ತಿರುಗಿಯೂ ನೋಡುವುದಿಲ್ಲ. ಆದರೆ ಇಲ್ಲಿನ ಒತ್ತುವರಿ ಮತ್ತು ಕಟ್ಟಡ ನಿರ್ಮಾಣಗಳ ಪರಿಣಾಮ ನೇರವಾಗಿ ನೈನಿ ಸರೋವರದ ಮೇಲಾಗುತ್ತದೆ. 2017ರ ಬೇಸಿಗೆಯಲ್ಲಿ ಸರೋವರದ ಮಟ್ಟ ತೀವ್ರವಾಗಿ ಇಳಿದು, ದಡದ ಹೂಳು ದಿಬ್ಬಗಳಂತೆ ಎದ್ದು ಕಂಡಿತ್ತು. ಕೊಳಚೆಯಿಂದ ಆಳದ ನೀರಿನಲ್ಲಿ ಆಮ್ಲಜನಕ ಕುಸಿದಿದ್ದರಿಂದ 2007ರಿಂದ ಸರೋವರದ ತಳಕ್ಕೆ ಕೊಳವೆಗಳ ಮೂಲಕ ಗಾಳಿ ಹಾಯಿಸಲಾಗುತ್ತಿದೆ.

1880ರ ಭೂಕುಸಿತ ಮತ್ತು ಫ್ಲಾಟ್ಸ್ ಮೈದಾನ

ಮಲ್ಲಿತಾಲ್‌ನಲ್ಲಿ ಸರೋವರಕ್ಕೆ ತಾಗಿಕೊಂಡಿರುವ ಸಮತಟ್ಟಾದ ಮೈದಾನವನ್ನು ಫ್ಲಾಟ್ಸ್ ಎನ್ನುತ್ತಾರೆ. ಕ್ರಿಕೆಟ್, ಹಾಕಿ ಪಂದ್ಯಗಳೂ ಸಂಜೆಯ ತಿಂಡಿ ಅಂಗಡಿಗಳೂ ಸೇರುವ ಈ ಜಾಗದ ಬಹುಭಾಗ ಭೂಕುಸಿತದ ಮಣ್ಣಿನ ಮೇಲಿದೆ.

1880ರ ಸೆಪ್ಟೆಂಬರ್ ಮಧ್ಯದಲ್ಲಿ ಎಡೆಬಿಡದೆ ಮಳೆ ಸುರಿಯಿತು. ಸೆಪ್ಟೆಂಬರ್ 18ರ ಬೆಳಿಗ್ಗೆ ವಿಕ್ಟೋರಿಯಾ ಹೋಟೆಲಿನ ಹಿಂದಿನ ಇಳಿಜಾರು ಕುಸಿದು ಕೆಲವರು ಹೂತುಹೋದರು. ಅವರನ್ನು ಹೊರತೆಗೆಯಲು ಸೈನಿಕರೂ ಕೆಲಸಗಾರರೂ ಅಗೆಯುತ್ತಿದ್ದಾಗಲೇ, ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಇನ್ನೂ ದೊಡ್ಡ ಭಾಗ ಜಾರಿತು. ಹೋಟೆಲ್, ಸಭಾಭವನ ಹಾಗೂ ನೈನಾದೇವಿ ದೇವಾಲಯ ಕ್ಷಣಗಳಲ್ಲಿ ನೆಲಸಮವಾದವು. ಒಟ್ಟು 151 ಮಂದಿ ಸತ್ತರು. ಅವರಲ್ಲಿ 108 ಮಂದಿ ಭಾರತೀಯರು. ಮೊದಲ ಕುಸಿತದ ಬಳಿಕ ನೆರವಿಗೆ ಹೋದವರೇ ಹೆಚ್ಚಾಗಿ ಬಲಿಯಾದದ್ದು ಈ ದುರಂತದ ವಿಶೇಷ ನೋವು.

ಇಳಿಜಾರಿನೊಳಗೆ ಇಂಗಿದ ನೀರು ಹೊರಹೋಗಲು ದಾರಿಯಿಲ್ಲದಿದ್ದುದು ಕುಸಿತಕ್ಕೆ ಮುಖ್ಯ ಕಾರಣವಾಗಿತ್ತು. ಸರೋವರದ ಎರಡು ಬದಿಗಳ ಬೆಟ್ಟಗಳು ಒಂದೇ ಬಗೆಯವಲ್ಲ. ಶೇರ್ ಕಾ ಡಾಂಡಾ ಬೆಟ್ಟ ಬಹುಮಟ್ಟಿಗೆ ಪದರು ಪದರಾಗಿ ಒಡೆಯುವ ಜೇಡಿಶಿಲೆಯದು. ಎದುರಿನ ಅಯಾರ್‌ಪಾಟಾ ಬೆಟ್ಟ ಗಟ್ಟಿಯಾದ ಸುಣ್ಣಶಿಲೆಯ ಜಾತಿಯದು. ದುರಂತದ ನಂತರ ಇಳಿಜಾರುಗಳ ಮೇಲೆ ಕಲ್ಲಿನ ಚರಂಡಿಗಳ ಜಾಲ ನಿರ್ಮಿಸಲಾಯಿತು. ಮಾಲ್ ರೋಡ್‌ನಲ್ಲಿ ನಡೆಯುವವರು ಬೆಟ್ಟದಿಂದ ಸರೋವರಕ್ಕೆ ಇಳಿಯುವ ಈ ಚರಂಡಿಗಳನ್ನು ಇಂದಿಗೂ ದಾಟಿಹೋಗುತ್ತಾರೆ. ಅವು ಕಸದಿಂದ ಕಟ್ಟಿಕೊಂಡರೆ ನೀರು ಮತ್ತೆ ಬೆಟ್ಟದೊಳಗೇ ಇಂಗುತ್ತದೆ.

ದೇವಾಲಯ, ಚರ್ಚ್ ಮತ್ತು ರಾಜಭವನ

ಇಂದಿನ ನೈನಾದೇವಿ ದೇವಾಲಯವು ಕುಸಿತದಲ್ಲಿ ನಾಶವಾದ ಗುಡಿಯ ಬದಲಿಗೆ ಸರೋವರದ ಅಂಚಿನಲ್ಲಿ ಕಟ್ಟಿದ್ದು. ಗರ್ಭಗುಡಿಯಲ್ಲಿ ದೇವಿಯನ್ನು ಎರಡು ಕಣ್ಣುಗಳ ರೂಪದಲ್ಲಿ ಪೂಜಿಸಲಾಗುತ್ತದೆ. ಅಕ್ಕಪಕ್ಕದಲ್ಲಿ ಕಾಳಿ ಮತ್ತು ಗಣೇಶರಿದ್ದಾರೆ. ಭಾದ್ರಪದ ಮಾಸದ ನಂದಾದೇವಿ ಜಾತ್ರೆಯಲ್ಲಿ ಬಾಳೆಯ ದಿಂಡಿನಿಂದ ದೇವಿಯ ಮೂರ್ತಿಗಳನ್ನು ಮಾಡಿ ಪೂಜಿಸಿ, ಮೆರವಣಿಗೆಯ ನಂತರ ಸರೋವರದಲ್ಲಿ ವಿಸರ್ಜಿಸುತ್ತಾರೆ.

1846ರಲ್ಲಿ ಅಸ್ತಿಭಾರ ಹಾಕಲಾದ ಸೇಂಟ್ ಜಾನ್ ಇನ್ ದಿ ವಿಲ್ಡರ್ನೆಸ್ ಚರ್ಚ್ ದೇವದಾರು ಮರಗಳ ನಡುವೆ ಇದೆ. 1880ರಲ್ಲಿ ಸತ್ತವರ ನೆನಪಿನ ಹಿತ್ತಾಳೆ ಫಲಕ ಇದರ ಒಳಗಿದೆ.

ಗವರ್ನರರ ಹಿಂದಿನ ನಿವಾಸ ಶೇರ್ ಕಾ ಡಾಂಡಾ ಬೆಟ್ಟದಲ್ಲಿತ್ತು. ಅಲ್ಲಿನ ನೆಲ ಸ್ಥಿರವಲ್ಲವೆಂದು ಅದನ್ನು ಕೈಬಿಟ್ಟು, 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಬೇರೆಡೆ ಗೋಥಿಕ್ ಶೈಲಿಯ ಇಂದಿನ ರಾಜಭವನವನ್ನು ಕಟ್ಟಲಾಯಿತು. ಇದರ ಆವರಣದಲ್ಲಿ ಗಾಲ್ಫ್ ಮೈದಾನವಿದೆ.

ಬೆಟ್ಟದ ನೋಟಗಳು

ಮಲ್ಲಿತಾಲ್‌ನಿಂದ ರೋಪ್‌ವೇ ಮೂಲಕ ಸ್ನೋ ವ್ಯೂ ತಲುಪಬಹುದು. ಆಕಾಶ ತಿಳಿಯಾಗಿದ್ದರೆ ಇಲ್ಲಿಂದ ನಂದಾದೇವಿ (7,816 ಮೀಟರ್) ಮತ್ತು ತ್ರಿಶೂಲ (7,120 ಮೀಟರ್) ಶಿಖರಗಳು ಕಾಣುತ್ತವೆ. ಮೇ ತಿಂಗಳ ಮಬ್ಬಿನಲ್ಲಿ ಹೋದವರಿಗೆ ಹೆಚ್ಚಾಗಿ ನಿರಾಸೆಯೇ ಆಗುತ್ತದೆ. ಪಟ್ಟಣದ ಅತಿ ಎತ್ತರದ ಸ್ಥಳ ನೈನಾ ಪೀಕ್. 2,600 ಮೀಟರಿಗೂ ಮೇಲಿರುವ ಇದಕ್ಕೆ ಕಾಡಿನ ಹಾದಿಯಲ್ಲಿ ನಡೆದೇ ಹೋಗಬೇಕು.

ಅಯಾರ್‌ಪಾಟಾ ಬೆಟ್ಟದ ಟಿಫಿನ್ ಟಾಪ್‌ನಲ್ಲಿದ್ದ ಡೊರೊಥಿ ಸೀಟ್ ಎಂಬ ಕಲ್ಲಿನ ಪೀಠ ಬಹುಕಾಲ ಜನಪ್ರಿಯ ವೀಕ್ಷಣಾ ಸ್ಥಳವಾಗಿತ್ತು. 2024ರ ಆಗಸ್ಟ್‌ನ ಮಳೆಯಲ್ಲಿ ಅದು ಕುಸಿದುಬಿದ್ದಿತು. ಹಳೆಯ ಪ್ರವಾಸಿ ಪುಸ್ತಕಗಳಲ್ಲಿ ಅದರ ಚಿತ್ರ ಇನ್ನೂ ಇರುವುದರಿಂದ ಓದುಗರು ಗಮನಿಸಬೇಕು. ಗಟ್ಟಿ ಶಿಲೆಯ ಬದಿಯೂ ಅಪಾಯದಿಂದ ಮುಕ್ತವಲ್ಲ.

ಇದೇ ಬೆಟ್ಟದಲ್ಲಿ ಜಿಮ್ ಕಾರ್ಬೆಟ್ ಕುಟುಂಬದ ಗರ್ನಿ ಹೌಸ್ ಇದೆ. ಕಾರ್ಬೆಟ್ 1875ರಲ್ಲಿ ನೈನಿತಾಲ್‌ನಲ್ಲಿ ಹುಟ್ಟಿ, 1947ರಲ್ಲಿ ಕೀನ್ಯಾಕ್ಕೆ ತೆರಳಿದರು. ಪೂರ್ಣಚಂದ್ರ ತೇಜಸ್ವಿಯವರ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ದ ಮೂಲಕ ಅವರು ಕನ್ನಡ ಓದುಗರಿಗೆ ಪರಿಚಿತರು. ಕಾಲಾಢುಂಗಿಯಲ್ಲಿದ್ದ ಅವರ ಚಳಿಗಾಲದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ.

ಪಟ್ಟಣದ ದಕ್ಷಿಣಕ್ಕಿರುವ ಮನೋರಾ ಪೀಕ್‌ನಲ್ಲಿ ಆರ್ಯಭಟ ವೀಕ್ಷಣಾ ವಿಜ್ಞಾನ ಸಂಶೋಧನಾ ಸಂಸ್ಥೆಯಿದೆ. ಇದರ ಮೂಲವಾದ ಉತ್ತರ ಪ್ರದೇಶ ರಾಜ್ಯ ವೀಕ್ಷಣಾಲಯವನ್ನು ಆರಂಭದ ವರ್ಷಗಳಲ್ಲಿ ಕಟ್ಟಿ ಬೆಳೆಸಿದ ವೈನು ಬಾಪು ಅವರು, ಮುಂದೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದರು.

ಸುತ್ತಮುತ್ತಲಿನ ಸ್ಥಳಗಳು

ನೈನಿತಾಲ್‌ನಿಂದ ಸುಮಾರು 22 ಕಿ.ಮೀ. ದೂರದ ಭೀಮತಾಲ್ ಸರೋವರದ ನಡುವೆ ಚಿಕ್ಕ ದ್ವೀಪವಿದೆ. ಸಮೀಪದಲ್ಲೇ ಒಂಬತ್ತು ಮೂಲೆಗಳದ್ದೆಂದು ಹೆಸರಾದ ನೌಕುಚಿಯಾತಾಲ್ ಮತ್ತು ಓಕ್ ಕಾಡಿನ ನಡುವಿನ ಸಾತ್‌ತಾಲ್ ಇವೆ. ಪಕ್ಷಿವೀಕ್ಷಕರಿಗೆ ಸಾತ್‌ತಾಲ್ ವಿಶೇಷವಾಗಿ ಪ್ರಿಯ. ಅಲ್ಮೋರಾ ರಸ್ತೆಯಲ್ಲಿರುವ ಕೈಂಚಿ ಧಾಮವು ನೀಮ್ ಕರೋಲಿ ಬಾಬಾ ಅವರ ಆಶ್ರಮ. ಜೂನ್ 15ರಂದು ಇಲ್ಲಿ ನಡೆಯುವ ವಾರ್ಷಿಕೋತ್ಸವದ ದಿನ ರಸ್ತೆಯಲ್ಲಿ ವಾಹನ ದಟ್ಟಣೆ ವಿಪರೀತ. ಇನ್ನೂ ದೂರದಲ್ಲಿ ಹಣ್ಣಿನ ತೋಟಗಳ ರಾಮಗಢ ಮತ್ತು ಮುಕ್ತೇಶ್ವರ ಇವೆ.

ತಲುಪುವ ಬಗೆ

ಸಮೀಪದ ರೈಲು ನಿಲ್ದಾಣ ಕಾಠಗೋದಾಮ್. ಅಲ್ಲಿಂದ ಸುಮಾರು 35 ಕಿ.ಮೀ. ಘಟ್ಟದ ರಸ್ತೆ. ವಿಮಾನ ನಿಲ್ದಾಣ ಪಂತ್‌ನಗರದಲ್ಲಿದೆ. ಹಿಮಶಿಖರಗಳನ್ನು ನೋಡಲು ಅಕ್ಟೋಬರ್, ನವೆಂಬರ್ ತಿಂಗಳುಗಳು ಉತ್ತಮ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ರಸ್ತೆಗಳಲ್ಲಿ ಮಣ್ಣು ಕುಸಿಯುವುದು ಸಾಮಾನ್ಯ. 2018ರ ಆಗಸ್ಟ್‌ನಲ್ಲಿ ಪಟ್ಟಣದೊಳಗಿನ ಕೆಳ ಮಾಲ್ ರೋಡ್‌ನ ಒಂದು ಭಾಗವೇ ಸರೋವರಕ್ಕೆ ಕುಸಿದಿತ್ತು.