ರಾತ್ರಿ ಪಾಳಿ ದಾಟದೆ ಬಡ್ತಿ ಇಲ್ಲ

ಪುಣೆಯ ವಿಮಾನ ನಗರದ ಕಚೇರಿಗಳಲ್ಲಿ ಕುಳಿತು ಸರಕು ಸಾಗಣೆ ನೋಡಿಕೊಳ್ಳುವ ಹೆಣ್ಣುಮಕ್ಕಳಿಗೇನೂ ಕೊರತೆಯಿಲ್ಲ. ಪ್ಲಾನಿಂಗ್, ಬಿಲ್ಲಿಂಗ್, ಆಮದು-ರಫ್ತಿನ ಕಾಗದಪತ್ರ, ಗ್ರಾಹಕರ ಫೋನು ಎಲ್ಲದರಲ್ಲೂ ನಾವಿದ್ದೇವೆ. 30 ಕಿ.ಮೀ. ಆಸುಪಾಸಿನ ಚಾಕಣದ ಗೋದಾಮುಗಳ ಕಥೆಯೇ ಬೇರೆ. ಪ್ಯಾಕಿಂಗ್ ಮೇಜಿನ ಬಳಿ ಹೆಂಗಸರು ಸಿಗುತ್ತಾರೆ. ಲಾರಿ ತುಂಬುವ ಡಾಕ್‌ನಲ್ಲಿ, ಫೋರ್ಕ್‌ಲಿಫ್ಟ್ ಮೇಲೆ, ಶಿಫ್ಟ್ ಇನ್‌ಚಾರ್ಜ್ ಕುರ್ಚಿಯಲ್ಲಿ ಹೆಚ್ಚಾಗಿ ಗಂಡಸರೇ.

ಹೆಂಗಸರಿಗೆ ಇದು ಭಾರದ ಕೆಲಸ ಎನ್ನುವವರಿದ್ದಾರೆ. ಈಗ ಭಾರ ಎತ್ತುವುದು ಫೋರ್ಕ್‌ಲಿಫ್ಟ್. ಇನ್‌ಚಾರ್ಜ್ ಎತ್ತುವುದು ಫೋನು. ನಿಜವಾದ ಅಡ್ಡಿ ರಾತ್ರಿಯದು. ಹಗಲು ನಗರದೊಳಗೆ ಭಾರಿ ವಾಹನಗಳಿಗೆ ನಿರ್ಬಂಧ, ಕಾರ್ಖಾನೆಯ ಮಾಲು ಗೋದಾಮು ಸೇರುವುದು ಸಂಜೆಗೆ. ಹಾಗಾಗಿ ಲೋಡಿಂಗ್ ಜೋರಾಗುವುದೇ ಏಳರ ಮೇಲೆ. ತಿಂಗಳ ಕೊನೆಯಲ್ಲಿ, ದಸರಾ-ದೀಪಾವಳಿಯ ಮುಂಚೆ ಬೆಳಗಿನ ಜಾವದವರೆಗೂ ನಡೆಯುತ್ತದೆ. ಆ ಗದ್ದಲದಲ್ಲಿ ಎರಡು-ಮೂರು ವರ್ಷ ಪಳಗಿದವರೇ ಮುಂದೆ ಗೋದಾಮಿನ ಮ್ಯಾನೇಜರ್, ಆಮೇಲೆ ಆಪರೇಷನ್ಸ್ ಹೆಡ್. ಹಗಲಿನ ಮೇಜಿನಲ್ಲೇ ಉಳಿದವಳ ಬಯೋಡೇಟಾ ‘ಫ್ಲೋರ್ ಅನುಭವ ಇಲ್ಲ’ ಎಂದು ಪಕ್ಕಕ್ಕೆ ಸರಿಯುತ್ತದೆ. ನನ್ನದೂ ಹಿಂದೊಂದು ಕಂಪನಿಯಲ್ಲಿ ಹಾಗೇ ಸರಿಯಿತು. ರಾತ್ರಿ ಪಾಳಿ ಕೊಡಿ ಎಂದು ಕೇಳಿದವಳಿಗೆ ‘ನಿಮ್ಮ ಒಳ್ಳೇದಕ್ಕೇ ಬೇಡ ಅನ್ನೋದು’ ಎಂದಿದ್ದವರೂ ಅವರೇ.

ಕಾನೂನು ಒಂದು ಕಾಲಕ್ಕೆ ಅಡ್ಡ ಇತ್ತು, ನಿಜ. 1948ರ ಕಾರ್ಖಾನೆ ಕಾಯ್ದೆಯ 66ನೇ ಕಲಮು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಮಹಿಳೆಯರ ದುಡಿಮೆಯನ್ನು ತಡೆದಿತ್ತು. ಆದರೆ ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ, ಮಹಿಳೆ ಒಪ್ಪಿದರೆ ರಾತ್ರಿ 9.30ರ ನಂತರವೂ ಕೆಲಸಕ್ಕೆ ಅವಕಾಶ ಕೊಟ್ಟಿದೆ. ಸುರಕ್ಷತೆ ಮತ್ತು ಮನೆ ಬಾಗಿಲವರೆಗಿನ ವಾಹನ ಮಾಲೀಕರ ಹೊಣೆ. 2019ರಲ್ಲಿ ಕರ್ನಾಟಕವೂ ಕಾರ್ಖಾನೆಗಳ ರಾತ್ರಿ ಪಾಳಿಗೆ ಷರತ್ತಿನ ಮೇಲೆ ಒಪ್ಪಿತು. ಕಾಯ್ದೆಯ ನೆಪ ಸವೆದು, ಈಗ ಉಳಿದಿರುವುದು ಕ್ಯಾಬಿನ ಖರ್ಚು ಮತ್ತು ಶೌಚಾಲಯ. ನಾನು ಕಂಡ ಒಂದು ಗೋದಾಮಿನಲ್ಲಿ ಡಾಕ್ ಪಕ್ಕದ್ದು ಗಂಡಸರದ್ದು. ಹೆಂಗಸರದ್ದು ಆಡಳಿತ ವಿಭಾಗದೊಳಗೆ, ಅದಕ್ಕೆ ಸಂಜೆ ಆರಕ್ಕೆ ಬೀಗ. ಹೆಂಗಸರಿಲ್ಲ, ಶೌಚಾಲಯ ಯಾಕೆ ಎನ್ನುತ್ತಾರೆ. ಶೌಚಾಲಯವಿಲ್ಲದೆ ಹೆಂಗಸರು ಹೇಗೆ ಬಂದಾರು?

ಸಾತಾರಾದ ಸುರೇಖಾ ಯಾದವ್ 2023ರ ಮಾರ್ಚ್‌ನಲ್ಲಿ ಸೋಲಾಪುರದಿಂದ ಮುಂಬೈಗೆ ವಂದೇ ಭಾರತ್ ಓಡಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅವರು ಆರಂಭಿಸಿದ್ದು ಗೂಡ್ಸ್ ರೈಲಿನಲ್ಲಿ, ಸಹಾಯಕ ಚಾಲಕಿಯಾಗಿ. ಆ ಮೊದಲ ಮೆಟ್ಟಿಲನ್ನು ರೈಲ್ವೆ ಕೊಟ್ಟಿತ್ತು ಎಂಬುದು ನನಗೆ ಚಪ್ಪಾಳೆಗಿಂತ ಮುಖ್ಯ.

ನಮ್ಮಲ್ಲಿ ವಿಜಯಪುರ ಕಡೆಯ ಹುಡುಗಿಯೊಬ್ಬಳು ಈಗ ರಾತ್ರಿ ಶಿಫ್ಟ್ ಇನ್‌ಚಾರ್ಜ್ ಹುದ್ದೆಗೆ ಅರ್ಜಿ ಹಾಕಿದ್ದಾಳೆ. ಕೆಎ ನಂಬರಿನ ಲಾರಿ ಬಂದರೆ ಡ್ರೈವರುಗಳು ಹುಡುಕುವುದೇ ಅವಳನ್ನು: ‘ಯಕ್ಕಾ, ಗಾಡಿ ಯಾವ ಡಾಕಿಗೆ ಹಚ್ಚಲಿ?’ ಅವಳ ತಂದೆಯೂ ಲಾರಿ ಓಡಿಸಿದವರು. ರಾತ್ರಿ ಕೆಲಸ ಬ್ಯಾಡವ್ವ ಎಂದು ಊರಿಂದ ಫೋನು ಮಾಡಿದರಂತೆ. ‘ಅಪ್ಪಾ, ನೀ ಗಾಡಿ ಹೊಡಿಯೂಮುಂದ ರಾತ್ರಿ-ಹಗಲ ನೋಡಿದ್ದೇನು?’ ಎಂದಳಂತೆ ಇವಳು.

ಒಪ್ಪಿಗೆ ಪತ್ರವನ್ನು ಅವಳು ಸಹಿ ಮಾಡಿ ಕೊಟ್ಟು ಮೂರು ವಾರವಾಯಿತು. ಕ್ಯಾಬ್ ಮಂಜೂರಾತಿ ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ನಾನೇ ಫೋನು ಮಾಡಿ ಕೇಳುತ್ತಿದ್ದೇನೆ.